ಮಂಗ್ಯಾನ ಗುಲಾಬಿ

ಗೊರೇಬಾಳದ ನಮ್ಮ ಮನೆಯಲ್ಲಿ ಯಾರಿಗೂ ಏನನ್ನೂ ಕಡಿಮೆ ಕೊಟ್ಟು ಗೊತ್ತಿರಲಿಲ್ಲ. ಉಣ್ಣಲು ಕೂತವರಿಗೆ ಅನ್ನ, ದನಕ್ಕೆ ಮೇವು, ಗಿಡಕ್ಕೆ ನೀರು, ಸೊಸೆಗೆ ಮಾತು, ಎಲ್ಲವೂ ಧಾರಾಳ. ಊರಿನ ಮಗ್ಗುಲಲ್ಲೇ ಕಾಲುವೆ. ನಾನು ಕಣ್ಣು ಬಿಟ್ಟಾಗಿನಿಂದ ಕಂಡದ್ದು ನೀರಿನಲ್ಲಿ ನಿಂತ ಭತ್ತ, ಕೆಸರು ಮೆತ್ತಿದ ಸೈಕಲ್ಲು, ಎರಡೂ ಹೊತ್ತು ಅನ್ನ ಸಾರು. ನೀರು ನಿಲ್ಲಿಸಿದರೆ ಬೆಳೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮೂರಿನ ಕೃಷಿಶಾಸ್ತ್ರ ಅಲ್ಲಿಗೆ ಮುಗಿಯುತ್ತಿತ್ತು. ಅಂಥ ಊರಿಗೆ ಅವ್ವ ಮಸ್ಕಿಯಿಂದ ಸೊಸೆಯಾಗಿ ಬಂದಿದ್ದಳು. ಮಸ್ಕಿ ಎಂದರೆ ಗುಡ್ಡ, ಬಂಡೆ, ಮಳೆ ನಂಬಿದ ಜೋಳದ ಹೊಲ. ಅಲ್ಲಿಯವರು ಒಂದು ಚರಿಗೆ ನೀರಿನಲ್ಲಿ ಮುಖ ತೊಳೆದು, ಅದೇ ನೀರು ಕರಿಬೇವಿನ ಬುಡಕ್ಕೆ ಬೀಳುವ ಹಾಗೆ ನಿಂತುಕೊಳ್ಳುವವರು. ಅವ್ವ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ದಿನಕ್ಕೊಮ್ಮೆಯಾದರೂ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತಂತೆ. ಆಯಿ, ಅಂದರೆ ಅಪ್ಪನ ತಾಯಿ, "ಭತ್ತದ ಮನ್ಯಾಗ ರೊಟ್ಟಿ ಯಾಕ ಬೇಕು" ಎಂದು ಗೊಣಗುತ್ತಲೇ ಪುಂಡಿಪಲ್ಯ ಹಚ್ಚಿಕೊಂಡು ಎರಡು ರೊಟ್ಟಿ ಮುಗಿಸುತ್ತಿದ್ದಳು.

ನಮ್ಮ ಅಂಗಳದಲ್ಲಿ ಕರಿಬೇವಿತ್ತು, ನುಗ್ಗೆಯಿತ್ತು, ಬಚ್ಚಲ ನೀರು ಹೋಗುವಲ್ಲಿ ಪುದೀನ ಇತ್ತು. ಹೂವಿನ ಗಿಡ ಮಾತ್ರ ಇರಲಿಲ್ಲ. ಆಯಿಗೆ ಅದೊಂದು ಕೊರಗು. ಬೆಳಿಗ್ಗೆ ಜಳಕ ಮಾಡಿ, ಪಡಸಾಲೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಕೂತಾಗ ಅವಳ ಮುಂದಿರುತ್ತಿದ್ದದ್ದು ಯಾರದೋ ಮನೆಯಿಂದ ಬೇಡಿ ತಂದ ಕಣಗಿಲೆ. "ಮಂದಿ ಮನಿ ಹೂವಿನ್ಯಾಗ ನನ್ನ ಪೂಜಿ ನಡದೈತಿ" ಎಂದು ಶಿವನಿಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದಳು. ಮದುವೆಯಾದ ಮರುವರ್ಷ ಪಂಚಮಿಗೆ ತವರಿಗೆ ಹೋದ ಅವ್ವ, ಬರುವಾಗ ಶೇಂಗಾ ಉಂಡೆಯ ಡಬ್ಬಿಯ ಜೊತೆಗೆ ಗೇಣುದ್ದದ ಒಂದು ಕಡ್ಡಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಬಂದಳು. ಅವರ ಮನೆಯ ಬಳ್ಳಿ ಗುಲಾಬಿಯ ಕಡ್ಡಿ. ಅಂಗಳದ ಕಲ್ಲುಗೋಡೆ ಮನೆಗೆ ಕೂಡುವ ಮೂಲೆಯಲ್ಲಿ ಅದನ್ನು ನೆಟ್ಟು, ಅತ್ತೆಯ ಮುಂದೆ ಒಂದು ಮಾತು ಆಡಿದಳು. ಆ ಮಾತು ಮುಂದೆ ಅವಳ ಕುತ್ತಿಗೆಗೆ ಬಂತು.

"ಇನ್ನ ಮ್ಯಾಲೆ ನೀವು ಯಾರ ಮನಿಗೂ ಹೋಗಬ್ಯಾಡ್ರಿ ಅತ್ತಿ. ನಿಮ್ಮ ಲಿಂಗಪ್ಪಗ ನಮ್ಮ ಅಂಗಳದ್ದ ಹೂ ಕೊಡ್ತೀನಿ."

ಕಡ್ಡಿ ಚಿಗುರಿತು. ಆಮೇಲೆ ಮನೆಮಂದಿಯೆಲ್ಲ ಸೇರಿ ಅದನ್ನು ಪ್ರೀತಿಯಿಂದ ಕೊಲ್ಲಲು ನಿಂತರು. ಆಯಿ ಜಳಕದ ನೀರು ಹಾಕುವಳು. ಅಪ್ಪ ಹೊಲದಿಂದ ಬಂದವನು ಎರಡು ಕೊಡ ಸುರಿದು, ಭತ್ತಕ್ಕೆ ತಂದಿದ್ದ ಯೂರಿಯಾದಲ್ಲಿ ಒಂದು ಮುಷ್ಟಿ ಚೆಲ್ಲಿ, ಮಹಾ ಉಪಕಾರ ಮಾಡಿದವನ ಹಾಗೆ ಕೈ ಝಾಡಿಸಿಕೊಳ್ಳುವನು. ನಡೆಯಲು ಕಲಿತ ಮೇಲೆ ನಾನೂ ತಂಬಿಗೆ ಹಿಡಿದು ಆ ಸೇವೆಗೆ ಸೇರಿಕೊಂಡೆ. ಬುಡದ ಸುತ್ತ ಅಪ್ಪ ಕಟ್ಟಿದ ಬದುವಿನೊಳಗೆ ನೀರು ನಿಂತು, ಗದ್ದೆಯದೇ ಒಂದು ತುಂಡು ಅಂಗಳಕ್ಕೆ ಬಂದಂತಿತ್ತು, ಕಪ್ಪೆಯೂ ಇತ್ತು. ಎಲೆ ಹಳದಿಯಾಗಿ ಉದುರುವುದು, ಮತ್ತೆ ಚಿಗುರುವುದು, ಮತ್ತೆ ಉದುರುವುದು. ಹೂವಿನ ಸುದ್ದಿಯೇ ಇಲ್ಲ.

"ನಿಮ್ಮ ತವರುಮನಿ ಗಿಡಕ್ಕ ನಮ್ಮ ಮನಿ ನೀರು ಹಿಡಸವಲ್ದು ನೋಡು," ಎಂದು ಆಯಿ.

"ನೀರು ಹೆಚ್ಚಾಗೈತ್ರಿ ಅತ್ತಿ. ಮನ್ಯಾಗಿದ್ದ ಮಂದೆಲ್ಲ ಹಾಕಾಕತ್ತೀರಿ."

"ಹೌದವ್ವಾ, ನೀರು ಹಾಕಿದ್ದ ನಮ್ಮ ತಪ್ಪು."

ನನಗೆ ಏಳು ವರ್ಷವಿರಬೇಕು, ಅವ್ವ ಒಂದು ದಿನ ಗುದ್ದಲಿ ತಗೊಂಡು ಆ ಬದು ಒಡೆದು ಹಾಕಿದಳು. ಬುಡಕ್ಕೆ ಮಸ್ಕಿಯಿಂದ ತರಿಸಿದ ನೀರು ನಿಲ್ಲದ ಒಂದು ಚೀಲ ಗರಸು ಮಣ್ಣು, ತಿಪ್ಪೆಯ ಹಳೆ ಗೊಬ್ಬರ ಹಾಕಿ, ಇನ್ನು ಮುಂದೆ ತನ್ನನ್ನು ಬಿಟ್ಟು ಯಾರೂ ಹನಿ ನೀರು ಹಾಕಕೂಡದೆಂದು ಎಲ್ಲರಿಗೂ ತಾಕೀತು ಮಾಡಿದಳು. ನಾವು ಮೂವರೂ ಮುಖ ಸಣ್ಣದು ಮಾಡಿಕೊಂಡೆವು. ಗಿಡ ಮಾತ್ರ ಬದುಕಿತು. ಬದುಕಿತು ಅಂದರೆ ಹೇಗೆ, ಎರಡು ವರ್ಷದಲ್ಲಿ ನನ್ನ ಹೆಬ್ಬೆರಳು ದಪ್ಪದ ಎರಡು ಬಳ್ಳಿಗಳು ಗೋಡೆಗುಂಟ ಏರಿ ಮಾಳಿಗೆ ಮುಟ್ಟಿದವು. ಅವು ನೆಟ್ಟಗೆ ಏರಿದ್ದು ಆಯಿಯ ಅಪ್ಪಣೆಯಿಂದ. ದೇವರಿಗೆ ಏರಿಸುವ ಹೂವನ್ನು ಯಾರೂ ದಾಟಬಾರದು, ಕೋಳಿ ಕೆದರಬಾರದು, ನೆಲಕ್ಕೆ ತಾಗಬಾರದು ಎಂಬುದು ಅವಳ ಕಟ್ಟಳೆ. ಹಾಗಾಗಿ ಬಳ್ಳಿ ಮೊಳ ಬೆಳೆದಂತೆಲ್ಲ ಅಪ್ಪನನ್ನು ಏಣಿ ಹತ್ತಿಸಿ, ಸುತಳಿಯಿಂದ ಮೇಲಕ್ಕೆ ಮೇಲಕ್ಕೆ ಬಿಗಿಸುತ್ತಿದ್ದಳು. ವಯಸ್ಸಿಗೆ ಆಯಿಯ ನಡ ಬಾಗಿತ್ತು. ನಿಂತಾಗ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಗಿಡದ ಬುಡ ಮಾತ್ರ. ಆದರೂ ಕಟ್ಟಿಸುವುದನ್ನು ಬಿಡಲಿಲ್ಲ.

ಆ ಹೊತ್ತಿಗೆ ಮನೆಗೆ ಟ್ರ್ಯಾಕ್ಟರ್ ಬಂದಿತ್ತು. ಎತ್ತುಗಳು ಹೋಗಿ, ಹಳೆಯ ಬಂಡಿಯೊಂದೇ ಕಲ್ಲುಗೋಡೆಯ ಮಗ್ಗುಲಿಗೆ ಉಳಿದುಕೊಂಡಿತ್ತು. ಅದು ನನ್ನ ಅರಮನೆ, ನನ್ನ ಬಸ್ಸು, ಸಿಟ್ಟು ಬಂದಾಗ ಹತ್ತಿ ಕೂರುವ ಜಾಗ. ಸಿಟ್ಟು ನನಗೆ ದಿನಾ ಬರುತ್ತಿತ್ತು, ಈಗಲೂ ಬರುತ್ತದೆ. ಅಪ್ಪನಿಗೆ ಆ ವರ್ಷ ಬೇರೊಂದು ಹುಕಿ ಹತ್ತಿತು. ಭತ್ತ ಒಣಗಿಸಲು ಅಂಗಳಕ್ಕೆಲ್ಲ ಗಚ್ಚು ಹಾಕಿಸಬೇಕು, ಗೋಡೆಯಿಂದ ಗೋಡೆಗೆ. ಬಂಡಿ ಹೊರಗೆ, ಗಿಡವೂ ಹೊರಗೆ. ಊಟಕ್ಕೆ ಕೂತಾಗ ಈ ಮಾತು ತೆಗೆದ. ಬಡಿಸುತ್ತಿದ್ದ ಅವ್ವನ ಕಡೆ ನೋಡಿ ಹೇಳಿದ:

"ಹತ್ತು ವರ್ಷ ನೋಡೀವಿ. ಒಂದು ಹೂ ಬಿಟ್ಟೈತೇನು? ದೀಪಾವಳಿ ಆದ ಮ್ಯಾಲೆ ಗೌಂಡಿ ಬರ್ತಾನ. ಅಷ್ಟರಾಗ ಹೂ ಬಿಟ್ರ ಇರ್ಲಿ, ಇಲ್ಲಂದ್ರ ಕೀಳೋದ."

"ದೀಪಾವಳಿ ಒಳಗ ಬಿಡ್ತೈತ್ರಿ," ಎಂದಳು ಅವ್ವ. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ, ಹಟ ಇತ್ತು. ಅದು ಒಂದು ಗಿಡದ ಮಾತಾಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ತಂದದ್ದು ಅಂತ ಬೇರೂರಿದ ವಸ್ತು ಅದೊಂದೇ. ಅದು ಹೋದರೆ, ಕೊಟ್ಟ ಮಾತು ಉಳಿಸಿಕೊಳ್ಳದವಳು ಎಂಬ ಹೆಸರು ಅವಳಿಗೆ ಕಾಯಂ ಆಗುತ್ತಿತ್ತು. ಹತ್ತು ವರ್ಷದ ನನಗೂ ಅಷ್ಟು ತಿಳಿದಿತ್ತು.

ಶ್ರಾವಣದಲ್ಲಿ ಹೂ ಬಿಟ್ಟಿತು. ಒಂದೇ ಒಂದು, ಅದೂ ಮಾಳಿಗೆಯ ಅಂಚಿನ ಮೇಲೆ, ಬಳ್ಳಿಯ ತುತ್ತತುದಿಗೆ. ತಿಳಿಗೆಂಪು ಬಣ್ಣದ, ಅಂಗೈ ತುಂಬುವಷ್ಟು ಹೂ. ಅವ್ವ ಓಡಿಹೋಗಿ ಆಯಿಯ ಕೈ ಹಿಡಿದು ಅಂಗಳಕ್ಕೆ ಕರೆತಂದಳು. ಆಯಿ ಕತ್ತೆತ್ತಲು ನೋಡಿದಳು, ಆಗಲಿಲ್ಲ, ಗೋಡೆಗೆ ಕೈ ಊರಿ ಇನ್ನೊಮ್ಮೆ ನೋಡಿದಳು.

"ಬಿಟ್ಟೈತಂತ, ಬಿಟ್ಟೈತಿ. ಮುಗಿಲಿಗೆ ಬಿಟ್ಟೈತಿ. ನನಗೇನು ರೆಕ್ಕಿ ಬಂದಾವೇನು?"

ಅವ್ವ ಒಳಗೆ ಹೋದಳು. ಒಲೆಯ ಮುಂದೆ ಕೂತು, ಹೊಗೆ ಇಲ್ಲದಿದ್ದರೂ ಕಣ್ಣು ಒರೆಸಿಕೊಂಡಳು. ನನ್ನ ನೆತ್ತಿಗೆ ಸಿಟ್ಟೇರಿತು. ಅವತ್ತು ಸೋಮವಾರ, ಆಯಿ ಸಂಜೆಗೂ ಪೂಜೆಗೆ ಕೂರುವ ದಿನ. ಆ ಹೂವನ್ನು ಕಿತ್ತು ತಂದು ಆಯಿಯ ಮಣೆಯ ಮುಂದೆ ಇಟ್ಟು, "ತಗೋ, ಮುಗಿಲಿಂದ ಬಂತು" ಎನ್ನಬೇಕೆಂದು ಲೆಕ್ಕ ಹಾಕಿದೆ. ಮಧ್ಯಾಹ್ನ ಅಪ್ಪ ಹೊಲದಲ್ಲಿ, ಅವ್ವ ಗಿರಣಿಯಲ್ಲಿ, ಆಯಿ ನಿದ್ದೆಯಲ್ಲಿ ಇದ್ದಾಗ ಬಂಡಿ ಹತ್ತಿದೆ. ಬಂಡಿಯಿಂದ ಕಲ್ಲುಗೋಡೆ ಹತ್ತಿದೆ. ಗೋಡೆಯ ಮೇಲೆ ನಿಂತರೂ ಹೂ ಇನ್ನೂ ಎರಡು ಮೊಳ ದೂರ. ಬಳ್ಳಿಯ ನಡುವನ್ನೇ ಹಿಡಿದು ನನ್ನ ಕಡೆ ಎಳೆದೆ. ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಆಯಿ ಆ ಬಳ್ಳಿಗೆ ವರ್ಷಾನುಗಟ್ಟಲೆ ಬಿಗಿಸಿದ್ದ ಸುತಳಿಗಳೆಲ್ಲ ಬಿಸಿಲಿಗೆ ಲಡ್ಡಾಗಿ ಸವೆದಿದ್ದವೋ ಏನೋ, ಮೇಲಿಂದ ಕೆಳಗೆ ಒಂದೊಂದಾಗಿ ಪಟಪಟನೆ ಹರಿದವು. ಬಳ್ಳಿಯ ಸಮೇತ ನಾನು ಬಂಡಿಯೊಳಗೆ ಬಿದ್ದೆ.

ಎದ್ದು ನೋಡಿದರೆ ಹೂವಿನ ಎಸಳು ಒಂದೂ ತೊಟ್ಟಿನಲ್ಲಿರಲಿಲ್ಲ. ಮಾಳಿಗೆ ಮುಟ್ಟಿದ್ದ ಬಳ್ಳಿ ಬಂಡಿಯ ಉದ್ದಕ್ಕೂ ಅಡ್ಡಡ್ಡ ಬಿದ್ದುಕೊಂಡಿತ್ತು. ಕೈಕಾಲೆಲ್ಲ ಮುಳ್ಳು ಗೀರಿ ಉರಿಯುತ್ತಿತ್ತು. ಅಳು ಬರಲಿಲ್ಲ, ಹೆದರಿಕೆ ಬಂತು. ಅವ್ವನ ಗಿಡವನ್ನು ಅಪ್ಪ ಕೀಳುವ ಮೊದಲೇ ನಾನು ಮುಗಿಸಿದ್ದೆ. ಸದ್ದಿಗೆ ಎದ್ದ ಆಯಿ ಹೊಸ್ತಿಲಿಂದ ಕೂಗಿದಳು:

"ಏನ್ ಬಿತ್ತಬೇ ಅದು?"

"ಮಂಗ್ಯಾ!" ಎಂದೆ. "ದೊಡ್ಡ ಮಂಗ್ಯಾ ಬಂದಿತ್ತು ಆಯಿ. ಬಳ್ಳಿ ಜಗ್ಗಿ ಓಡಿ ಹೋತು."

ಅಷ್ಟು ಸಲೀಸಾಗಿ ಸುಳ್ಳು ಹೇಳುವ ಪ್ರತಿಭೆ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಅವ್ವ ಗಿರಣಿಯಿಂದ ಬಂದು, ತಲೆಯ ಮೇಲಿನ ಹಿಟ್ಟಿನ ಡಬ್ಬಿ ಇಳಿಸದೆ ಬಂಡಿಯೊಳಗೆ ಕೈ ಚಾಚಿ ಬಿದ್ದ ಬಳ್ಳಿಯನ್ನು ಮುಟ್ಟಿದಳು. ಸಂಜೆ ಅಪ್ಪ ಕುಡುಗೋಲು ಹುಡುಕಿದ. ಬಿದ್ದ ಬಳ್ಳಿ ಮನೆಯಲ್ಲಿ ಇರಬಾರದು, ಕಡಿದು ಒಗೆ ಎಂದು ಆಯಿಯೂ ದನಿಗೂಡಿಸಿದಳು. ಆಗ ಅವ್ವ ಬಂಡಿಗೆ ಬೆನ್ನು ಕೊಟ್ಟು ನಿಂತು, ನಾನು ಕೇಳಿದಂತೆ ಮೊದಲ ಸಲ, ಅವರಿಬ್ಬರಿಗೂ ಒಟ್ಟಿಗೇ ಇಲ್ಲ ಎಂದಳು.

"ಇನ್ನೂ ಹಸಿ ಐತಿ. ಜೀವ ಇದ್ದದ್ದನ್ನ ಕಡ್ಯಾಕ ನಾ ಬಿಡಾಂಗಿಲ್ಲ. ದೀಪಾವಳಿ ಅಂದೀರಲ್ಲ, ದೀಪಾವಳಿ ತನಕ ಯಾರೂ ಮುಟ್ಟಬ್ಯಾಡ್ರಿ."

ಆಮೇಲೆ ಬಚ್ಚಲ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಗೀರುಗಳಿಗೆ ಅರಿಷಿಣ ಕಲಸಿದ ಎಣ್ಣೆ ಹಚ್ಚಿದಳು. ಮೊಳಕೈಯಿಂದ ಮುಳ್ಳೊಂದನ್ನು ಉಗುರಿನಲ್ಲಿ ತೆಗೆದು ನನ್ನ ಅಂಗೈಗೆ ಇಟ್ಟಳು.

"ಪಾರಿ, ಮಂಗ್ಯಾ ನಿನಗೂ ಪರಚಿತೇನು?"

ನಾನು ಮುಳ್ಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹದಿನೈದು ದಿನಕ್ಕೆ ಬಿದ್ದ ಬಳ್ಳಿಯ ಮೇಲೆ ಒಂದು ಸೋಜಿಗ ಶುರುವಾಯಿತು. ನೆಟ್ಟಗಿದ್ದಾಗ ಬೋಳಾಗಿದ್ದ ಅದರ ಮೈಯಲ್ಲಿ, ಒಂದೊಂದು ಗಿಣ್ಣಿನಿಂದಲೂ ಒಂದೊಂದು ಕೆಂಪು ಚಿಗುರು ಎದ್ದಿತು. ಎಲ್ಲವೂ ಮೇಲ್ಮುಖ, ಸಾಲಾಗಿ. ದಸರೆಯ ಹೊತ್ತಿಗೆ ಪ್ರತಿ ಚಿಗುರಿನ ತುದಿಗೂ ಮೊಗ್ಗು. ಅವ್ವ ಎಣಿಸಲು ಹೋದರೆ ಆಯಿ ಬಿಡಲಿಲ್ಲ, ಎಣಿಸಿದರೆ ದೃಷ್ಟಿಯಾಗುತ್ತದಂತೆ. ಒಂದು ಮುಂಜಾನೆ ಮೊದಲ ಹೂಗಳು ಅರಳಿದವು. ಆಯಿ ಜಳಕ ಮಾಡಿ ಬಂದು ಬಂಡಿಯ ಮುಂದೆ ನಿಂತಳು. ಬಂಡಿಯ ಅಂಚು ಅವಳ ಬಾಗಿದ ಎದೆಯ ಎತ್ತರಕ್ಕಿತ್ತು. ಕತ್ತೆತ್ತಬೇಕಾಗಿರಲಿಲ್ಲ, ಕೈ ಚಾಚಬೇಕಾಗಿರಲಿಲ್ಲ. ಬಂಡಿಯ ಮೇಲಿದ್ದದ್ದನ್ನು ಯಾರೂ ದಾಟುವಂತಿರಲಿಲ್ಲ, ಹಾಗಾಗಿ ಕಟ್ಟಳೆಗೂ ಭಂಗವಿಲ್ಲ. ತನ್ನ ಕೈಯಾರೆ ಎರಡು ಹೂ ಬಿಡಿಸಿಕೊಂಡು ಒಳಗೆ ಹೋದವಳು, ಅವತ್ತು ಪೂಜೆಯಿಂದ ಎದ್ದೇಳುವುದನ್ನೇ ಮರೆತಳು.

ಆದರೆ ಹೊಗಳಿಕೆ ಯಾರಿಗೆ ಹೋಯಿತು? ಮಂಗಕ್ಕೆ! ಹನುಮಪ್ಪನೇ ಆ ರೂಪದಲ್ಲಿ ಬಂದು ಬಳ್ಳಿ ಮುರಿದು ಗಿಡದ ಸೊಕ್ಕಿಳಿಸಿದ, ಅದಕ್ಕೇ ಹೂ ಬಿಟ್ಟಿತು ಎಂದು ಆಯಿ ಓಣಿಗೆಲ್ಲ ಸಾರಿದಳು. ಶನಿವಾರ ಶನಿವಾರ ಬಂಡಿಯ ಅಂಚಿಗೆ ಒಂದು ಬಾಳೆಹಣ್ಣು ಇಟ್ಟು ಕೈಮುಗಿಯತೊಡಗಿದಳು. ನೋಡಲು ಬಂದ ಹೆಂಗಸರು ಇಲ್ಲದ ಮಂಗನನ್ನು ಹಾಡಿ ಹೊಗಳಿದರು. ಬಿದ್ದವಳು ನಾನು, ಗೀರಿಸಿಕೊಂಡವಳು ನಾನು, ಹೆದರಿ ಬೆವರಿದವಳು ನಾನು. ನನಗೆ ಸಲ್ಲಬೇಕಾದದ್ದು ಎಂದುಕೊಂಡು, ಆಯಿ ಬೆನ್ನು ತಿರುಗಿಸಿದ ಕೂಡಲೇ ಬಾಳೆಹಣ್ಣನ್ನು ನಾನೇ ತಿಂದುಬಿಡುತ್ತಿದ್ದೆ.

ದೀಪಾವಳಿ ಮುಗಿಯಿತು. ದಢೇಸುಗೂರಿನ ಗೌಂಡಿ ಬಂದ, ಉಸುಕು ಬಂತು, ಖಡಿ ಬಂತು, ಸಿಮೆಂಟಿನ ಚೀಲಗಳು ಪಡಸಾಲೆಯಲ್ಲಿ ಸಾಲಾಗಿ ಕೂತವು. ಬಂಡಿಯ ಮೇಲೆ ಹೂವೋ ಹೂವು. ಗೌಂಡಿ ಸುತ್ತ ನೋಡಿ, ಬಂಡಿ ಸರಿಸಿ ಗಿಡ ತೆಗೆದು ಕೊಟ್ಟರೆ ಬರೋಬ್ಬರಿ ಜಾಗ ಸಿಗುತ್ತದೆ ಎಂದ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಕೆಟ್ಟವನಲ್ಲ, ಒಮ್ಮೆ ತಲೆಯೊಳಗೆ ಗಚ್ಚು ಹೊಕ್ಕರೆ ಅದು ಗಟ್ಟಿಯಾಗಿಬಿಡುತ್ತಿತ್ತು, ಅಷ್ಟೇ.

"ಹೂ ಬಿಟ್ಟೈತಿ, ಖರೆ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದು ಮಂಗ್ಯಾ ಮಾಡಿದ ಕೆಲಸ. ಮುರದ ಗಿಡ ಸಾಯೋ ಮುಂದ ಒಮ್ಮೆ ಹಿಂಗ ಹೂ ಬಿಡತೈತಿ. ಬರೋ ವರ್ಷ ಮತ್ತ ಆ ಮಂಗ್ಯಾನ ಎಲ್ಲಿಂದ ಕರಕೊಂಡ ಬರ್ತಿ?"

ಗೌಂಡಿ ಬಂಡಿಯ ಮೂಕಿಗೆ ಕೈ ಹಾಕಿದ. ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಮಂಗ್ಯಾ ಅಲ್ಲ, ನಾ!"

ಎಲ್ಲರೂ ತಿರುಗಿದರು. ನಾನು ನಿಲ್ಲಿಸಲಿಲ್ಲ.

"ಮಂಗ್ಯಾ ಬಂದೇ ಇಲ್ಲ. ಹೂ ಹರ್ಯಾಕ ನಾನ ಗ್ವಾಡಿ ಹತ್ತಿದ್ದೆ. ನಾನ ಜಗ್ಗಿದೆ, ನಾನ ಬಿದ್ದೆ. ಬಳ್ಳಿ ಮುರದಿಲ್ಲ ಅಪ್ಪಾ, ಸುತಳಿ ಅಷ್ಟ ಹರದಾವ. ಬೇಕಂದ್ರ ನೋಡು!"

ಆ ಮಾತು ಪಶ್ಚಾತ್ತಾಪದಿಂದ ಬಂದಿತೆಂದು ಹೇಳಿಕೊಂಡರೆ ಈ ಕಥೆಗೆ ಶೋಭೆ ಬರುತ್ತದೆ. ನಿಜವೆಂದರೆ ಅರ್ಧ ಹೊಟ್ಟೆಕಿಚ್ಚು, ಅರ್ಧ ಅವ್ವನ ಮುಖ. ಅವ್ವ ಬಂಡಿಯ ಕೆಳಗೆ ಕೂತು ಬುಡದಿಂದ ಬಳ್ಳಿಗುಂಟ ಕೈಯಾಡಿಸುತ್ತ ಹೋದಳು. ಎಲ್ಲಿಯೂ ಮುರಿದಿರಲಿಲ್ಲ. ಎದ್ದಾಗ ಅವಳ ಕಣ್ಣಲ್ಲಿ ನಾನು ಕಂಡಿರದ ಒಂದು ಬೆಳಕಿತ್ತು.

"ಅಲ್ಲೋ ಶಿವನ! ಮಸ್ಕ್ಯಾಗ ನಮ್ಮ ಮನಿ ಗುಲಾಬಿ ಬೇಲಿ ಮ್ಯಾಲೆ ಅಡ್ಡ ಮಕ್ಕೊಂಡಿತ್ತು. ನೆಟ್ಟಗ ನಿಂತದ್ದು ನಾ ನೋಡೇ ಇಲ್ಲ. ಇಲ್ಲಿ ನಾವು ಅದಕ್ಕ ಮಕ್ಕೊಳಾಕ ಬಿಟ್ಟಿದ್ದಿಲ್ಲ."

ಗೋಡೆಯ ಮೇಲೆ ಇನ್ನೊಂದು ಬಳ್ಳಿ ಹಾಗೇ ನೆಟ್ಟಗಿತ್ತು, ಬೋಳಾಗಿ, ತುದಿಗಷ್ಟೇ ಎಲೆ ಹೊತ್ತು. ಅವ್ವ ತಾನೇ ಏಣಿ ಹಾಕಿ ಹತ್ತಿ, ಅದರ ಸುತಳಿಗಳನ್ನು ಕುಡುಗೋಲಿನಿಂದ ಒಂದೊಂದಾಗಿ ಕೊಯ್ದಳು. ಕೆಳಗೆ ನಾನು ಹಿಡಿದುಕೊಂಡೆ. ಎಳೆಯ ಕೂಸನ್ನು ಮಲಗಿಸುವ ಹಾಗೆ ಅದನ್ನು ಬಂಡಿಯ ಇನ್ನೊಂದು ಅಂಚಿಗೆ ಮಲಗಿಸಿ, ಹಳೆಯ ಸೀರೆಯ ಚಿಂದಿಯಿಂದ ಸಡಿಲಾಗಿ ಕಟ್ಟಿದಳು. ಬೆವರೊರೆಸಿಕೊಂಡು ಅಪ್ಪನಿಗೆ ಹೇಳಿದಳು:

"ಸಂಕ್ರಾಂತಿ ತನಕ ನೋಡ್ರಿ. ಇದೂ ಬಿಡ್ಲಿಲ್ಲ ಅಂದ್ರ ನಾನ ಕಿತ್ತ ಒಗೀತೀನಿ."

ಅಪ್ಪ ತಲೆ ಕೆರೆದುಕೊಂಡ. ಆಗ ಆಯಿ ಕೋಲೂರಿಕೊಂಡು ಅಂಗಳಕ್ಕೆ ಇಳಿದಳು. ನನ್ನ ಮುಂದೆ ನಿಂತಳು. ಹೊಡೆತ ಬೀಳುತ್ತದೆಂದು ಕಣ್ಣು ಮುಚ್ಚಿದೆ.

"ಬಾಳೆಹಣ್ಣು ಯಾರು ತಿಂತಿದ್ರು?"

"ನಾ."

ಆಯಿಯ ಮುಖ ಅಲುಗಲಿಲ್ಲ. ಗೌಂಡಿಯ ಕಡೆ ತಿರುಗಿ, ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದಳು.

"ತಮ್ಮಾ, ನಿನ್ನ ಗಚ್ಚು ಇಲ್ಲಿಗೆ ಸಾಕು. ಬಂಡಿ ಅಲ್ಲೇ ಇರ್ಲಿ. ನನ್ನ ಹೂವಿನ ಜಾಗಾ ಅದು."

ಸಂಕ್ರಾಂತಿಗೆ ಎರಡನೆಯ ಬಳ್ಳಿಯೂ ಹೂ ಬಿಟ್ಟಿತು. ಅಪ್ಪ ತಾನೇ ಮೊದಲು ನೋಡಿ, ಯಾರಿಗೂ ಹೇಳದೆ, ಬಂಡಿಯ ಗಾಲಿಗೆ ಕಲ್ಲು ಕೊಟ್ಟು ಭದ್ರ ಮಾಡಿದ. ಮರುವರ್ಷ ಅಂಗಳದ ಆ ಪಟ್ಟಿಯಲ್ಲಿ ಮಲ್ಲಿಗೆ ಬಂತು, ಸೇವಂತಿಗೆ ಬಂತು. ಆಯಿ ಬೇರೆಯವರ ಮನೆಗೆ ಹೂ ಕೇಳಲು ಹೋಗುವುದು ನಿಂತು, ಬೇರೆಯವರು ನಮ್ಮಲ್ಲಿಗೆ ಬರತೊಡಗಿದರು. ಬಂದವರಿಗೆಲ್ಲ ಆಯಿ, "ನಮ್ಮ ಸೊಸಿ ತವರುಮನಿ ಗಿಡ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವ್ವ ಒಳಗೆ ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿಯುತ್ತಿದ್ದಳು.

ನನ್ನದು ಈಗ ಲಿಂಗಸುಗೂರಿನಲ್ಲಿ ಸಂಸಾರ. ಕಾಂಪೌಂಡಿನ ಒಳಗೋಡೆಗುಂಟ ತಂತಿ ಬಿಗಿದು ಅದೇ ಗುಲಾಬಿಯ ಕಡ್ಡಿಯಿಂದ ಬೆಳೆದ ಬಳ್ಳಿಯನ್ನು ಅಡ್ಡ ಮಲಗಿಸಿದ್ದೇನೆ. ಮಳೆಗಾಲ ಕಳೆದಂತೆ ಹೊಸ ಬಳ್ಳಿಗಳನ್ನು ಎಳೆದು ಕಟ್ಟುವುದು ನನ್ನ ವರ್ಷದ ಹಬ್ಬ. ನೋಡಿದವರು ಕೆಲವರು, ಬಾಗಿದರೇ ಹೂ, ಹೆಣ್ಣುಮಕ್ಕಳೂ ಹಾಗೇ ಬಾಗಬೇಕು ಎಂದು ನೀತಿ ತೆಗೆಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೇನು ಗೊತ್ತು? ಆ ಗಿಡ ಉಳಿದದ್ದು ನನ್ನವ್ವ ಬಂಡಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತದ್ದರಿಂದ.

ಆಯಿ ನನ್ನನ್ನು ಒಂದು ದಿನವೂ ಹೊಗಳಲಿಲ್ಲ. ಆದರೆ ಮಂಗ ಬಂದಿಲ್ಲವೆಂದು ಗೊತ್ತಾದ ಮೇಲೂ ಶನಿವಾರದ ಬಾಳೆಹಣ್ಣು ತಪ್ಪಲಿಲ್ಲ. ಬಂಡಿಯ ಅಂಚಿಗೆ ಇಟ್ಟು, ಕೈಮುಗಿದು, ಬೇಕೆಂದೇ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದಳು. ಅವಳಿರುವ ತನಕವೂ, ನಾನು ಸೀರೆ ಉಡುವಷ್ಟು ದೊಡ್ಡವಳಾದ ಮೇಲೂ.

ಆಮೇಲೆ ಹುಟ್ಟಿದ ನನ್ನ ತಮ್ಮನ ಮನೆಯಲ್ಲಿರುವ ಅವ್ವ ಈಗಲೂ ಸಿಂಧನೂರಿನಲ್ಲಿ ಬಸ್ಸು ಹತ್ತಿ ಒಬ್ಬಳೇ ಬರುತ್ತಾಳೆ. ಹೋದ ವಾರ ಬಂದವಳು ಮೊದಲು ಗಿಡದ ಬುಡ ಮುಟ್ಟಿ ನೋಡಿ, ನೀರು ಹೆಚ್ಚಾಯಿತೆಂದು ನನಗೆ ಬೈದು, ಎರಡು ದಿನ ಇದ್ದು, ಶನಿವಾರ ಮುಂಜಾನೆ ಹೊರಟಳು. ಅವಳನ್ನು ಆಟೋ ಹತ್ತಿಸಿ ಬಂದು, ಉಳಿದ ಒಂದು ಬಳ್ಳಿ ಕಟ್ಟೋಣವೆಂದು ಸೀರೆಯ ಚಿಂದಿ ಹಿಡಿದು ಗೋಡೆಯ ಹತ್ತಿರ ಹೋದೆ. ಗೋಡೆಯ ಮೇಲೆ, ಹೂಗಳ ನಡುವೆ, ಒಂದು ಬಾಳೆಹಣ್ಣು ಇತ್ತು. ಐವತ್ತು ದಾಟಿದ ಹೆಂಗಸು ನಾನು, ಸೊಸೆ ಮನೆಗೆ ಬಂದಿದ್ದಾಳೆ. ಆಚೆ ಈಚೆ ನೋಡಿದೆ. ಯಾರೂ ಇರಲಿಲ್ಲ. ಅಲ್ಲೇ ನಿಂತು ತಿಂದೆ.